ಎರಡು ಜೇಬಿನ ಮಾವ

ಕಳಿಸಿದ ಸುದ್ದಿ ಮುಟ್ಟಲಿಲ್ಲ ಅಂತ ಗೊತ್ತಾದರೆ ನೀವೇನು ಮಾಡುತ್ತೀರಿ? ಟಪಾಲಿನವನಿಗೆ ಬೈಯುತ್ತೀರಿ, ಫೋನನ್ನು ನಾಲ್ಕು ಸಲ ಕುಟ್ಟುತ್ತೀರಿ, ತಲೆ ಕೆಡಿಸಿಕೊಂಡು ಕೂರುತ್ತೀರಿ. ನಮ್ಮ ಸೋದರಮಾವ ಚಹಾ ತರಿಸುತ್ತಿದ್ದ! ಸುದ್ದಿ ಮುಟ್ಟಲಿಲ್ಲ ಅಂದರೆ ಖುಷಿಪಡುವ ಮನುಷ್ಯ ಸಿಂಧನೂರು, ಮಸ್ಕಿ, ಲಿಂಗಸೂಗೂರು ಮೂರೂ ಊರು ಜಾಲಾಡಿದರೂ ಅವನೊಬ್ಬನೇ. ಮೇಲಾಗಿ ಅದಕ್ಕೇ ಅವನಿಗೆ ಪಗಾರ ಕೊಡುತ್ತಿದ್ದರು. ನಂಬಿಕೆ ಬರಲಿಲ್ಲವೇ? ಹಾಗಾದರೆ ಮೊದಲು ಅವನ ಊಟದ ತಾಟು ನೋಡಬೇಕು.

ಮಾವ ಇದ್ದದ್ದು ಮಸ್ಕಿಯಲ್ಲಿ. ಊಟ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ. ತಾಟಿನ ಒಂದು ಮೂಲೆಗೆ ಪುಂಡಿಪಲ್ಲೆ, ಇನ್ನೊಂದು ಮೂಲೆಗೆ ಎಣ್ಣೆಗಾಯಿ, ಮತ್ತೊಂದು ಕಡೆ ಶೇಂಗಾ ಹಿಂಡಿ. ಒಂದರ ಎಣ್ಣೆ ಇನ್ನೊಂದರ ಕಡೆ ಹರಿದೀತು ಅನ್ನೋ ಭಯಕ್ಕೆ ಕಟಕ ರೊಟ್ಟಿ ಮುರಿದು ನಡುವೆ ಗೋಡೆ ಕಟ್ಟುತ್ತಿದ್ದ. ಅನ್ನವನ್ನು ಬರೀ ಅನ್ನವಾಗಿ ತಿಂದು ಮುಗಿಸಿ, ಆಮೇಲೆ ಸಾರನ್ನು ವಾಟಿ ಎತ್ತಿ ಕುಡಿದುಬಿಡುತ್ತಿದ್ದ. ಖಾನಾವಳಿಯ ಅಜ್ಜಿ ಒಂದು ದಿನ ತಡೆಯಲಾರದೆ, "ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ಒಂದ ಆಗತಾವಲ್ಲಪಾ," ಅಂದಳು.

"ಅಲ್ಲಿ ನನ್ನ ಕೈ ಮುಟ್ಟಂಗಿಲ್ಲ ಬೇ," ಅಂದ ಮಾವ. "ಮುಟ್ಟಿದ್ದರ ಅಲ್ಲೂ ಬಂದೋಬಸ್ತ್ ಮಾಡತಿದ್ದೆ."

ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೂ ಅವನ ಹತ್ತಿರ ಉತ್ತರ ತಯಾರಿತ್ತು. "ಲಗ್ನ ಅಂದ್ರ ಎರಡು ಮನಿ ಕೂಡಸೋದು. ನನ್ನ ಕೆಲಸ ಅದಕ್ಕ ಉಲ್ಟಾ ಐತಿ."

ಆ ಉಲ್ಟಾ ಕೆಲಸ ಏನು ಅಂತ ಹೇಳುತ್ತೇನೆ. ಮಸ್ಕಿಯಲ್ಲಿ ಒಬ್ಬ ಧಣಿ ಇದ್ದರು. ಬತ್ತ, ಹತ್ತಿ, ಶೇಂಗಾ ಕೊಂಡು ಮಾರುವ ದೊಡ್ಡ ವ್ಯಾಪಾರ. ದೊಡ್ಡ ಆಫೀಸು ಮಸ್ಕಿಯಲ್ಲಿ, ಒಂದೊಂದು ಶಾಖೆ ಸಿಂಧನೂರು ಮತ್ತು ಲಿಂಗಸೂಗೂರಿನಲ್ಲಿ. ಮಸ್ಕಿ ನಡುವೆ, ಇವೆರಡೂ ಆಚೆ ಈಚೆ. ತಕ್ಕಡಿ ಇದ್ದ ಹಾಗೆ. ಧಣಿಯ ಹುಕುಂ ಒಂದೇ: ಎರಡೂ ಶಾಖೆಯವರು ಮಸ್ಕಿಗೆ ಎಲ್ಲಾ ಹೇಳಬೇಕು, ಆದರೆ ಒಬ್ಬರ ಖರೀದಿ ಭಾವ ಇನ್ನೊಬ್ಬರಿಗೆ ತಿಳಿಯಬಾರದು. ತಿಳಿದರೆ ಇಬ್ಬರೂ ಮಾತಾಡಿಕೊಂಡು ಚೌಕಾಶಿ ಬಿಟ್ಟು ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಾರೆ ಅಂತ. ಈ ಹುಕುಂ ಕಾಯಲು ಧಣಿ ಊರೆಲ್ಲಾ ಹುಡುಕಿ ಹುಡುಕಿ ನಮ್ಮ ಮಾವನನ್ನೇ ಹಿಡಿದರು. ಖಾನಾವಳಿಯಲ್ಲಿ ಅವನ ತಾಟು ನೋಡಿಯೇ ಹಿಡಿದರು ಅಂತ ನಮ್ಮ ಅಪ್ಪ ಹೇಳುತ್ತಿದ್ದ. ಇದ್ದರೂ ಇರಬಹುದು.

ಎಂಬತ್ತರ ದಶಕದಲ್ಲಿ ಎಲ್ಲಾ ಫೋನು, ಚೀಟಿ, ಬಸ್ಸಿನಲ್ಲಿ ಬರುವ ಚೀಲ. ಮಾವ ಟೇಲರ್ ಹತ್ತಿರ ಹೋಗಿ ಪ್ರತಿ ಅಂಗಿಗೂ ಎದೆಯ ಮೇಲೆ ಎರಡು ಜೇಬು ಇಡಿಸಿದ. ಎಡಗಡೆಯದು ಸಿಂಧನೂರು, ಬಲಗಡೆಯದು ಲಿಂಗಸೂಗೂರು. ಮೇಜಿಗೂ ಎರಡು ಡ್ರಾ. ಎಡ ಜೇಬಿನದು ಎಡ ಡ್ರಾಕ್ಕೆ, ಬಲ ಜೇಬಿನದು ಬಲ ಡ್ರಾಕ್ಕೆ. ಸಿಂಧನೂರಿಗೆ ಹೊರಟರೆ ಬಲ ಜೇಬು ಖಾಲಿ ಮಾಡಿ, ಕೈಯಿಂದ ಝಾಡಿಸಿ ಹೊರಡುತ್ತಿದ್ದ. ಜೇಬಷ್ಟೇ ಅಲ್ಲ, ತಲೆಯನ್ನೂ ಝಾಡಿಸುತ್ತಿದ್ದ ಅಂತ ಕಾಣುತ್ತದೆ. ಸಿಂಧನೂರಿನಲ್ಲಿ ಕೂತು, "ಮಾವ, ಲಿಂಗಸೂಗೂರಾಗ ಮಳಿ ಆಗೇತೇನು?" ಅಂತ ಕೇಳಿದರೂ ಅವನು, "ಆ ಕಡಿ ಮಾತು ಈ ಕಡಿ ಬ್ಯಾಡ," ಅನ್ನುತ್ತಿದ್ದ. ಮಳೆಯೂ ಅವನ ಪಾಲಿಗೆ ಧಣಿಯ ಗುಟ್ಟೇ!

ಈಗ ನಿಮಗೆ ನಗು ಬರುತ್ತಿರಬಹುದು. ನಮ್ಮ ಮನೆಯಲ್ಲಿ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಯಾಕೆಂದರೆ ಮಾವನಿಗೆ ಇಬ್ಬರು ಅಕ್ಕಂದಿರು. ಸಣ್ಣಕ್ಕ ನಮ್ಮವ್ವ, ಸಿಂಧನೂರಿನಲ್ಲಿ. ದೊಡ್ಡಕ್ಕ ನಮ್ಮ ದೊಡ್ಡವ್ವ, ಲಿಂಗಸೂಗೂರಿನಲ್ಲಿ. ಅವರಿಬ್ಬರೂ ಮಾತು ಬಿಟ್ಟಿದ್ದರು.

ದೊಡ್ಡವ್ವನ ದೊಡ್ಡ ಮಗಳ ಲಗ್ನದಿಂದ ಶುರುವಾಯಿತು. ನಮ್ಮ ಕಡೆ ಅಕ್ಕತಂಗಿಯರನ್ನು ಲಗ್ನಕ್ಕೆ ಕರೆಯೋದು ಅಂದರೆ ಕಾರ್ಡು ಹಾಕೋದಲ್ಲ. ಮನೆಗೆ ಬಂದು, ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಷತೆ ಕೊಟ್ಟು, "ನಾಕು ದಿನ ಮೊದಲ ಬಾ" ಅನ್ನಬೇಕು. ಅಷ್ಟು ಆಗದಿದ್ದರೆ ಕರೆಯಲೇ ಇಲ್ಲ ಅಂತ ಲೆಕ್ಕ. ಅವ್ವ ಆ ಶ್ರಾವಣದಲ್ಲಿ ದಿನಾ ಕಟ್ಟೆ ಮೇಲೆ ಕೂತು ಬಸ್ಸಿನಿಂದ ಇಳಿದು ಬರುವವರನ್ನು ನೋಡಿದಳು. ಇಲಕಲ್ ಸೀರೆಗೆ ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಯಾರೂ ಬರಲಿಲ್ಲ. ಲಗ್ನ ಆಗಿಹೋಯಿತು. ಸೀರೆ ಟ್ರಂಕಿನ ತಳಕ್ಕೆ ಹೋಯಿತು.

"ಸ್ವಂತ ತಂಗೀನ ಕರೀಲಿಲ್ಲ ಆಕಿ," ಅಂತ ಅವ್ವ. "ಕರದೀನಿ, ಸೊಕ್ಕು, ಬರಲಿಲ್ಲ," ಅಂತ ಅಲ್ಲಿ ದೊಡ್ಡವ್ವ. ಹನ್ನೊಂದು ವರ್ಷ ಇಬ್ಬರದೂ ಇದೇ ಮಾತು. ಇಬ್ಬರೂ ಸುಳ್ಳು ಹೇಳುವ ಹೆಂಗಸರಲ್ಲ. ಬಗೆಹರಿಸಬೇಕಾಗಿದ್ದವನು ಮಾವ, ಎರಡೂ ಮನೆಯಲ್ಲಿ ಉಣ್ಣುವವನು ಅವನೊಬ್ಬನೇ. ಆದರೆ ಮಾವನ ಮುಂದೆ ಅವ್ವ ಅಕ್ಕನ ಹೆಸರು ಎತ್ತಿದರೆ ಅವನು ಚಪ್ಪಲಿ ಮೆಟ್ಟಿ ಎದ್ದೇಬಿಡುತ್ತಿದ್ದ. "ಆ ಕಡಿ ಮಾತು ಈ ಕಡಿ ಬ್ಯಾಡ ಯಕ್ಕಾ." ಮಾತಾಡುವಾಗಲೂ ಅವನಿಗೆ ಇಬ್ಬರೂ ಬರೀ 'ಅಕ್ಕ' ಆಗಿರಲಿಲ್ಲ. ಒಬ್ಬಳು ಸಿಂಧನೂರಕ್ಕ, ಒಬ್ಬಳು ಲಿಂಗಸೂಗೂರಕ್ಕ.

ತೊಂಬತ್ತರ ದಶಕದ ಕೊನೆಗೆ ಧಣಿ ಮೂರು ಊರಿಗೂ ಕಂಪ್ಯೂಟರ್ ಹಾಕಿಸಿದರು. ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಬಂದ. ಟೆಲಿಫೋನ್ ಇಲಾಖೆಯಿಂದ ಬಾಡಿಗೆ ತಂತಿ ಎಳೆಸಿ, ಡಬ್ಬಿಗಳನ್ನು ಜೋಡಿಸಿ, ಈಥರ್ನೆಟ್ ಅಂತ ಏನೇನೋ ಹೇಳಿ, ಕೊನೆಗೆ ಹೆಮ್ಮೆಯಿಂದ ಅಂದ: "ಇನ್ನ ಮೂರೂ ಊರೂ ಒಂದೇ ಕೋಣೆಯಲ್ಲಿ ಕೂತ ಹಾಗೆ ಸಾರ್. ಒಬ್ಬರು ಮಾತಾಡಿದ್ದು ಎಲ್ಲರಿಗೂ ಕೇಳುತ್ತೆ."

ಮಾವ ಕುರ್ಚಿ ಬಿಟ್ಟು ಎದ್ದ. "ಎಲ್ಲಾರಿಗೂ? ಇದೇನು ಆಫೀಸೋ, ಸಂತ್ಯೋ?"

ಮುಂದಿನ ನಾಲ್ಕು ದಿನ ಆ ಇಂಜಿನಿಯರನಿಗೆ ಊಟ ಸೇರಲಿಲ್ಲ. ತಂತಿ ಒಂದೇ ಇರಲಿ, ಮಾತು ಬೇರೆ ಬೇರೆ ಇರಬೇಕು. ಸಿಂಧನೂರಿನದು ಮಸ್ಕಿಗೆ ಬರಲಿ, ಲಿಂಗಸೂಗೂರಿನದೂ ಮಸ್ಕಿಗೆ ಬರಲಿ, ಮಸ್ಕಿಯದು ಇಬ್ಬರಿಗೂ ಹೋಗಲಿ. ಅವರವರು ಮಾತ್ರ ಒಬ್ಬರಿಗೊಬ್ಬರು ಇದ್ದಾರೆ ಅಂತಲೂ ಗೊತ್ತಾಗಬಾರದು. ಮಾವನೇ ಅವನಿಗೆ ಪಾಠ ಮಾಡಿದ. "ಬಳಗಾನೂರ ಕಡಿ ಕಾಲುವಿ ನೋಡಿಯೇನು? ಕಾಲುವಿ ಒಂದ, ತೂಬು ಬ್ಯಾರೆ ಬ್ಯಾರೆ. ಎರಡೂ ಹೊಲಕ್ಕ ಮ್ಯಾಲಿಂದ ನೀರು ಬರತೈತಿ. ಹೊಲದಿಂದ ಹೊಲಕ್ಕ ಹರದರ ಬಡದಾಡತಾರ. ಹಂಗ ಮಾಡಿ ಕೊಡು." ಪಾಪ, ಆ ಹುಡುಗ ಹೈದರಾಬಾದಿಗೆ ಹತ್ತು ಸಲ ಫೋನ್ ಹಚ್ಚಿ, ಹೊಸದೊಂದು ಡಬ್ಬಿ ತರಿಸಿ, ಹಾಗೇ ಮಾಡಿ ಕೊಟ್ಟು ಹೋದ. ಹೋಗುವಾಗ ಮಾವನ ಕಾಲು ಮುಟ್ಟಿದ ಅಂತ ಮಾವ ಹೇಳುತ್ತಾನೆ. ಚಪ್ಪಲಿ ಹುಡುಕುತ್ತಿದ್ದನೇನೋ.

ಡಬ್ಬಿ ಕೆಲಸ ಮಾಡುತ್ತಿದೆಯೋ ಇಲ್ಲವೋ ದಿನಾ ಪರೀಕ್ಷೆ ಆಗಬೇಕಲ್ಲ? ಅಲ್ಲಿ ಬಂದೆವು ನಾವು. ಡಿಗ್ರಿ ಮುಗಿಸಿ ಕೂತಿದ್ದ ನನಗೆ ಮಾವ ಸಿಂಧನೂರು ಶಾಖೆಯ ಕಂಪ್ಯೂಟರ್ ಮುಂದೆ ಕೆಲಸ ಕೊಡಿಸಿದ. ಲಿಂಗಸೂಗೂರಿನ ಕಂಪ್ಯೂಟರ್ ಮುಂದೆ ಯಾರನ್ನು ಕೂರಿಸಿದ? ದೊಡ್ಡವ್ವನ ಕಿರಿಮಗಳು ಗಂಗಾಳನ್ನು! ಸಣ್ಣ ಹುಡುಗಿಯರಿದ್ದಾಗ ನಾವಿಬ್ಬರೂ ಒಂದೇ ಕೌದಿ ಹೊದ್ದು ಮಲಗಿದವರು. ಹತ್ತು ವರ್ಷದ ಮೇಲೆ ಮುಖ ನೋಡದವರು.

ಬೆಳಿಗ್ಗೆ ಆಫೀಸು ತೆಗೆದ ಕೂಡಲೇ ಮಾವನ ಫೋನು. "ಕಳಸು." ನಾನು ಲಿಂಗಸೂಗೂರಿನ ಹೆಸರಿಗೆ ಏನಾದರೂ ನಾಲ್ಕು ಅಕ್ಷರ ಕುಟ್ಟಿ ಕಳಿಸಬೇಕು. ಅದು ಮುಟ್ಟಬಾರದು. ಆಮೇಲೆ ಮಾವ ಅಲ್ಲಿಗೆ ಫೋನ್ ಹಚ್ಚುತ್ತಿದ್ದ.

"ಬಂತೇನು?"

"ಇಲ್ಲ ಮಾವ."

"ಶಭಾಷ್."

ಆಮೇಲೆ ಅವಳು ಕಳಿಸಬೇಕು, ನಾನು "ಇಲ್ಲ ಮಾವ" ಅನ್ನಬೇಕು. ಎರಡು ಸಲ 'ಇಲ್ಲ' ಬಂದ ಮೇಲೆ ಮಾವ ಚಹಾ ತರಿಸುತ್ತಿದ್ದ. ಈಗ ಗೊತ್ತಾಯಿತಲ್ಲ ಚಹಾದ ಕಥೆ?

ಮೊದಮೊದಲು ನಾನು ಒಂದು ಎರಡು ಮೂರು ಅಂತ ಕುಟ್ಟುತ್ತಿದ್ದೆ. ಎಷ್ಟು ದಿನ ಅಂತ ಅದನ್ನೇ ಕುಟ್ಟೋದು? ಒಂದು ದಿನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: "ಗಂಗಾ, ಹ್ಯಾಂಗ ಅದೀ?" ಹೇಗೂ ಮುಟ್ಟುವುದಿಲ್ಲವಲ್ಲ ಅನ್ನೋ ಧೈರ್ಯ. ಎಸ್‌ಟಿಡಿ ಬೂತಿನಿಂದ ಫೋನೇ ಹಚ್ಚಬಹುದಿತ್ತಲ್ಲ ಅಂತೀರಿ. ಹಚ್ಚಿದ್ದರೆ ಅವ್ವನ ಮಾತು ಮೀರಿದಂತೆ. ಇದರಲ್ಲಿ ಆ ಪಾಪವಿಲ್ಲ. ಮಾತಾಡಿದಂತೆಯೂ ಆಯಿತು, ಮಾತಾಡದಂತೆಯೂ ಆಯಿತು. ದಿನಾ ಒಂದೊಂದು ಬರೆದೆ. ಜವಳಗೇರಾದ ಗೆಳತಿಯ ಮಗುವಿನ ತೊಟ್ಟಿಲು ಹಾಕುವ ಶಾಸ್ತ್ರಕ್ಕೆ ಹೋಗಿದ್ದು ಬರೆದೆ. ಅವ್ವ ನಾಗರಪಂಚಮಿಗೆ ಉಂಡಿ ಕಟ್ಟಿ, ಬೇರೆ ಡಬ್ಬಿಯಲ್ಲಿ ಐದು ತೆಗೆದಿಟ್ಟು, ಯಾರಿಗೆ ಅಂತ ಹೇಳದೆ, ಹಬ್ಬದ ಮರುವಾರ ತಾನೇ ಆಕಳಿಗೆ ಹಾಕಿದ್ದು ಬರೆದೆ. ಮುಟ್ಟದ ಈ ಸುದ್ದಿಗಳೆಲ್ಲಾ ಎಲ್ಲಿ ಹೋಗಿ ಬೀಳುತ್ತವೆ ಅಂತ ಮಾತ್ರ ನಾನು ಒಂದು ದಿನವೂ ಕೇಳಲಿಲ್ಲ.

ಅಷ್ಟರಲ್ಲಿ ನನ್ನ ಲಗ್ನ ಗೊತ್ತಾಯಿತು. ಅವ್ವ ಕುಂಕುಮದ ಭರಣಿ ಹಿಡಿದು ಊರೂರು ತಿರುಗಿದಳು. ಗುರುಗುಂಟಾದ ಹಳೇ ಗುರುತಿನವರನ್ನೂ ಬಿಡಲಿಲ್ಲ. ಗುರುಗುಂಟಾಕ್ಕೆ ಹೋಗಬೇಕಾದರೆ ಲಿಂಗಸೂಗೂರು ಬಸ್ ನಿಲ್ದಾಣದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಇಳಿದಳು, ಹಿಡಿದಳು. ಅಕ್ಕನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ.

"ಅವ್ವಾ, ದೊಡ್ಡವ್ವನ್ನ ಕರಿಯಂಗಿಲ್ಲೇನು?" ಅಂದೆ.

"ನನ್ನ ಕರದಿದ್ದಳೇನು ಆಕಿ?"

ನನಗೆ ಅಳು ಬಂತು. ಲಗ್ನದಲ್ಲಿ ನನ್ನ ಪಕ್ಕಕ್ಕೆ ಯಾರು ನಿಲ್ಲಬೇಕು ಅಂತ ನಾನು ಎಂಟು ವರ್ಷದವಳಿದ್ದಾಗಲೇ ಕೌದಿಯೊಳಗೆ ತೀರ್ಮಾನ ಆಗಿತ್ತು. ಮರುದಿನದ ಪರೀಕ್ಷೆಗೆ ಕುಟ್ಟಿದೆ: "ಗಂಗಾ, ನನ್ನ ಲಗ್ನ ಐತಿ. ದೊಡ್ಡವ್ವನ್ನ ಕರಿಯಂಗಿಲ್ಲಂತ ಅವ್ವ. ನಿನಗ ಇದು ಮುಟ್ಟಂಗಿಲ್ಲ, ಗೊತ್ತೈತಿ. ಆದರೂ ಬಾ." ಆ ದಿನವೂ "ಬಂತೇನು?", "ಇಲ್ಲ ಮಾವ" ಎಲ್ಲಾ ಆಯಿತು. ಶಭಾಷ್ ಮಾತ್ರ ಹೇಳಲಿಲ್ಲವಂತೆ. ಚಹಾನೂ ತರಿಸಲಿಲ್ಲವಂತೆ.

ಮಾರನೇ ದಿನ ಬೆಳಿಗ್ಗೆ ಫೋನು ಬಂತು. "ಮನಿಗೆ ಹೋಗಿ ನಿಮ್ಮವ್ವನ್ನ ಕರಕೊಂಡು ಬಾ. ಜಲ್ದಿ."

ಅವ್ವ, ತಮ್ಮನಿಗೇನೋ ಆಯಿತು ಅಂತ ಅರ್ಧ ಹೆರಳು ಹಾಕಿಕೊಂಡೇ ಬಂದಳು. ಕಂಪ್ಯೂಟರ್ ಪಕ್ಕ ಕೂರಿಸಿ ಫೋನ್ ಎತ್ತಿದೆ.

"ಕಳಸು," ಅಂದ ಮಾವ.

"ಏನು ಕಳಸಲಿ?"

"ನಿನ್ನೆದ್ದ ಕಳಸು. ಒಂದಕ್ಷರ ಬಿಡಬ್ಯಾಡ."

ನಿನ್ನೆಯದು ಮಾವನಿಗೆ ಹೇಗೆ ಗೊತ್ತು? ಒಂದಕ್ಷರ ಬಿಡದೆ ಕುಟ್ಟಿ ಕಳಿಸಿದೆ. ದಿನದಂತೆ 'ಹೋಗಲಿಲ್ಲ' ಅಂತ ಪರದೆ ಹೇಳಬೇಕಾಗಿತ್ತು. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹಸಿರು ಅಕ್ಷರ ಒಂದೊಂದೇ ಮೂಡಿದವು: "ಬಂತು. ಏ, ಬಂತು."

ಲಿಂಗಸೂಗೂರಿನಿಂದ, ಗಂಗಾ. ಮಾವ ತೂಬು ಎತ್ತಿದ್ದ.

ಅದರ ಹಿಂದೆಯೇ ಮಸ್ಕಿಯಿಂದ ಇನ್ನೊಂದು ಬಂತು. ಒಂದು ಬೆರಳಿನಲ್ಲಿ ಕುಟ್ಟಿದ್ದು, ಸಾಲು ಬರಲು ಬಹಳ ಹೊತ್ತು ಹಿಡಿಯಿತು. ಅವ್ವನಿಗೆ ಓದು ಬರದು, ನಾನು ಗಟ್ಟಿಯಾಗಿ ಓದಿದೆ.

"ಅಕ್ಕಾ, ಇಬ್ಬರಿಗೂ ಹೇಳಾಕತ್ತೀನಿ. ಲಗ್ನಕ್ಕ ಕರಿಯಾಕ ದೊಡ್ಡಕ್ಕ ಕುಂಕುಮ ತಗೊಂಡು ಹೊಂಟಿದ್ದಳು. ಮಸ್ಕಿ ತನಕ ಬಂದಳು. ಮುಂದ ಹಳ್ಳ ಬಂದು ಬಸ್ಸು ನಿಂತವು. ಪೊಟ್ಟಣ ನನ್ನ ಕೈಯಾಗ ಕೊಟ್ಟು, ನನ್ನ ಕೈಲೆ ಕೊಟ್ಟಂಗ ಕೊಡು ಅಂದಳು. ಲಿಂಗಸೂಗೂರದು ಅಂತ ಬಲ ಜೇಬಿನಾಗ ಇಟ್ಟೆ, ಬಲ ಡ್ರಾಕ್ಕ ಹಾಕಿದೆ. ಎರಡು ದಿನ ಬಿಟ್ಟು ಸಿಂಧನೂರಿಗೆ ಹೋದೆ. ಸಣ್ಣಕ್ಕನ ಮನ್ಯಾಗ ಚಹಾ ಕುಡದೆ, ಬಂದೆ. ನೆನಪ ಆಗಲಿಲ್ಲ. ಲಗ್ನದಾಗ ದೊಡ್ಡಕ್ಕ ಕೇಳಿದಳು, ಕೊಟ್ಟೇನು ಅಂತ. ಅಂಜಿ ಹೂಂ ಅಂದೆ. ತಪ್ಪು ನಂದು."

ಅವ್ವ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. "ಇನ್ನೊಮ್ಮೆ ಓದು," ಅಂದಳು. ಓದಿದೆ.

"ಹೂಂ ಅಂದನಂತ?"

"ಹೌದವ್ವಾ."

ಅರ್ಧ ಬಿಟ್ಟ ಹೆರಳು ಮುಗಿಸಿಕೊಂಡು, "ಅಕ್ಕ ಅಲ್ಲಿ ಅದಾಳೇನು ಕೇಳು," ಅಂದಳು. ಹನ್ನೊಂದು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು 'ಆಕಿ' ಬಿಟ್ಟು 'ಅಕ್ಕ' ಆಗಿದ್ದು ಅವತ್ತೇ. ಕೇಳಿದೆ. ಗಂಗಾಳ ಉತ್ತರ ಬಂತು: "ಅದಾಳ. ಅಳಾಕತ್ತಾಳ. ನಡುನಡುವ ಮಾವಗ ಬೈಯಾಕತ್ತಾಳ."

"ನಾನೂ ಬೈಯಾಕತ್ತೀನಿ ಅಂತ ಬರಿ," ಅಂದಳು ಅವ್ವ, ಸೆರಗಿನಿಂದ ಮೂಗು ಒರೆಸಿಕೊಂಡು. ಹನ್ನೊಂದು ವರ್ಷದ ಮೇಲೆ ಅಕ್ಕತಂಗಿ ಒಂದು ಮಾತಿಗೆ ಒಪ್ಪಿದರು.

ಇನ್ನೇನೋ ಬರೆಯಲು ಹೋದೆ, ಪರದೆ 'ಹೋಗಲಿಲ್ಲ' ಅಂದಿತು. ಕಾಲು ಗಂಟೆ ಆಗಿತ್ತು, ಮಾವ ಮತ್ತೆ ಮುಚ್ಚಿದ್ದ. ಧಣಿಯ ಅನ್ನದ ಋಣ, ಮನೆಯವರ ಸಲುವಾಗಿ ಅಂತ ದಿನವಿಡೀ ತೆಗೆದಿಡಲು ಆಗುತ್ತದೆಯೇ? ಆ ಕಾಲು ಗಂಟೆಯದನ್ನೂ ಸಂಜೆ ತಾನೇ ಹೋಗಿ ಧಣಿಗೆ ಹೇಳಿದನಂತೆ. ಧಣಿ ಏನಂದರೋ ಗೊತ್ತಿಲ್ಲ, ಮರುದಿನ ಕೆಲಸಕ್ಕಂತೂ ಹೋದ.

"ಎಲ್ಲಿ ಹೋತು?" ಅಂದಳು ಅವ್ವ.

"ಮಾವ ಮುಚ್ಚಿದ."

"ಮುಚ್ಚಲಿ. ಬಸ್ಸಿಗೇನು ಬಾಗಿಲಾ ಹಾಕ್ಯಾನೇನು? ನಡಿ ಮಸ್ಕಿಗೆ."

ನಾವು ಮಸ್ಕಿ ಆಫೀಸಿಗೆ ಹೋಗುವ ಹೊತ್ತಿಗೆ ಮಾವನನ್ನು ವಿಚಾರಿಸಲು ತಾವೂ ಹೊರಟ ದೊಡ್ಡವ್ವ, ಗಂಗಾ ಆ ಕಡೆಯ ಬಸ್ಸಿನಲ್ಲಿ ಬಂದು ನಿಂತಿದ್ದರು. ಗಂಗಾ ನನ್ನ ಕೈ ಹಿಡಿದವಳು ಬಿಡಲಿಲ್ಲ. ಮಾವ ಮೇಜಿನ ಹಿಂದೆ, ಕೋರ್ಟಿನಲ್ಲಿ ನಿಂತವರ ಹಾಗೆ ತಲೆ ತಗ್ಗಿಸಿದ್ದ. ಅಕ್ಕ ಒಂದು ಕಡೆ, ತಂಗಿ ಒಂದು ಕಡೆ. ಒಬ್ಬರನ್ನೊಬ್ಬರು ನೋಡಲು ನಾಚಿಕೆ, ಹಾಗಾಗಿ ಇಬ್ಬರೂ ಅವನನ್ನೇ ನೋಡುತ್ತಿದ್ದರು.

"ಹನ್ನೊಂದು ವರ್ಷ ಯಾಕ ಹೇಳಲಿಲ್ಲಲೇ ತಮ್ಮಾ?" ಅಂದಳು ದೊಡ್ಡವ್ವ.

"ಹೇಳಿದರ ಇಬ್ಬರೂ ನನ್ನ ಬಿಡತೀರಿ ಅಂತ ಅಂಜಿದೆ," ಅಂದ. "ಇಬ್ಬರ ಮನ್ಯಾಗೂ ಉಣ್ಣತಿದ್ದೆನಲ್ಲ. ಹ್ಯಾಂಗ ಬಿಡಲಿ?"

"ಮತ್ತ ಈಗ್ಯಾಕ ಹೇಳಿದಿ?"

ಮಾವ ಕೆಳಗೆ ಬಗ್ಗಿ ಒಂದು ಕಾಗದದ ಕಟ್ಟು ತೆಗೆದ. ಎಡ ಡ್ರಾದಿಂದಲೂ ಅಲ್ಲ, ಬಲ ಡ್ರಾದಿಂದಲೂ ಅಲ್ಲ. ಮೇಜಿನ ಕೆಳಗೆ ಮೂರನೇದೊಂದಿತ್ತು, ನಾವು ನೋಡಿರಲಿಲ್ಲ. ಪರೀಕ್ಷೆಯಲ್ಲಿ ತಡೆದ ಸುದ್ದಿಯೆಲ್ಲಾ ಮಸ್ಕಿಯ ಪ್ರಿಂಟರಿನಲ್ಲಿ ಅಚ್ಚಾಗುತ್ತಿತ್ತಂತೆ. ನಾನು ಬರೆದದ್ದೆಲ್ಲಾ ಅಲ್ಲಿತ್ತು, ಆಕಳಿಗೆ ಹಾಕಿದ ಉಂಡಿ ಸಮೇತ. ಅದರ ಕೆಳಗೆ ಸಾಲುಸಾಲಾಗಿ ಗಂಗಾ ಬರೆದದ್ದು. ಅವಳೂ ದಿನಾ ಬರೆದಿದ್ದಳು! ಒಂದರಲ್ಲಿ ಹೀಗಿತ್ತು: "ನಿನ್ನೆ ಅವ್ವ ಕೇಳಿದಳು, ಸಿಂಧನೂರ ಹುಡುಗಿ ಈಗ ಎಷ್ಟು ಎತ್ತರ ಆಗ್ಯಾಳಂತ. ನನಗೇನು ಗೊತ್ತು ಅಂದೆ."

"ದಿನಾ ಓದತಿದ್ದೆ," ಅಂದ ಮಾವ. "ನಿನ್ನೆದ್ದು ಓದಿದ ಮ್ಯಾಲ ಊಟ ಇಳೀಲಿಲ್ಲ."

ಆಮೇಲೆ ಬಲ ಡ್ರಾ ತೆಗೆದು, ಪೊಟ್ಟಣವನ್ನು ಮೇಜಿನ ನಟ್ಟನಡುವೆ ಇಟ್ಟ. ಅವ್ವ ಬಿಚ್ಚಿದಳು. ಕುಂಕುಮ ಗಟ್ಟಿಯಾಗಿ ಕಪ್ಪಾಗಿತ್ತು. ಅರಿಶಿಣಕ್ಕೆ ಬಣ್ಣವೇ ಇರಲಿಲ್ಲ. ಅಕ್ಷತೆಗೆ ಹುಳ ಹತ್ತಿ ಪುಡಿಯಾಗಿತ್ತು. ಅವ್ವ ಅದನ್ನು ಅಕ್ಕನ ಕೈಗೆ ಕೊಟ್ಟಳು.

"ನಿನ್ನ ಕೈಲೆ ಹಚ್ಚು. ಕರದಂಗಾಗತೈತಿ."

ದೊಡ್ಡವ್ವ ಬೆರಳಿನಿಂದ ತಿಕ್ಕಿ ತಿಕ್ಕಿ ತಂಗಿಯ ಹಣೆಗೆ ಹಚ್ಚಿದಳು. "ಮಗಳ ಲಗ್ನ ಐತಿ ತಂಗೀ. ನಾಕು ದಿನ ಮೊದಲ ಬಾ," ಅಂದಳು. ಆ ಮಗಳ ಮಕ್ಕಳು ಅಷ್ಟೊತ್ತಿಗೆ ಶಾಲೆಗೆ ಹೋಗುತ್ತಿದ್ದವು.

"ಬರತೀನಕ್ಕಾ," ಅಂದಳು ಅವ್ವ. ಅದೇ ಪೊಟ್ಟಣದಿಂದ ಚೂರು ತೆಗೆದು ಅಕ್ಕನ ಹಣೆಗೆ ಹಚ್ಚಿ, ನನ್ನ ಲಗ್ನಕ್ಕೆ ಕರೆದಳು. ಆಮೇಲೆ ಇಬ್ಬರೂ ಒಬ್ಬರ ಕೊರಳು ಒಬ್ಬರು ಹಿಡಿದು ಅತ್ತರು. ನಾವೂ ಅತ್ತೆವು.

ಊಟಕ್ಕೆ ಎಲ್ಲರೂ ಎದುರಿನ ಖಾನಾವಳಿಗೇ ಹೋದೆವು. ಅಜ್ಜಿಯನ್ನು ಕೂರಿಸಿ ಅಕ್ಕಂದಿರೇ ಬಡಿಸಿದರು. ಮಾವ ಅಭ್ಯಾಸದಂತೆ ರೊಟ್ಟಿ ಮುರಿದು ಗೋಡೆ ಕಟ್ಟಲು ಶುರು ಮಾಡಿದ್ದ. ಅವ್ವ ಎಡಗಡೆಯಿಂದ ಬಂದು ಎಣ್ಣೆಗಾಯಿ ಬಡಿಸಿದಳು, ದೊಡ್ಡವ್ವ ಬಲಗಡೆಯಿಂದ ಬಂದು ಅನ್ನದ ಮೇಲೆ ಸಾರು ಸುರಿದುಬಿಟ್ಟಳು. ಗೋಡೆ ನೆನೆದು ಬಿತ್ತು, ಎಲ್ಲಾ ಒಂದಾಗಿ ಹರಿಯಿತು. ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಾವ ಒಂದು ಗಳಿಗೆ ತಾಟು ನೋಡಿದ, ಆಮೇಲೆ ಐದೂ ಬೆರಳು ಇಟ್ಟು ಕಲಸಿ, ದೊಡ್ಡ ತುತ್ತು ಬಾಯಿಗಿಟ್ಟ.

"ಹ್ಯಾಂಗೈತಿ?" ಅಂದರು ಇಬ್ಬರೂ ಒಟ್ಟಿಗೆ.

"ಉಪ್ಪು ಜಾಸ್ತಿ ಆಗೇತಿ," ಅಂದ ಮಾವ. ಕಣ್ಣೀರು ತುತ್ತಿನ ಮೇಲೇ ಬೀಳುತ್ತಿತ್ತು, ಒರೆಸಿಕೊಳ್ಳದೆ ತಾಟು ಖಾಲಿ ಮಾಡಿದ.